ಮಾಷ್ಟ್ರ ಮನೆಯ ಸ್ಕ್ರೀನ್

ಕರೆಂಟ್ ಹೋಗಬಹುದು. ಯುಪಿಎಸ್ ಹತ್ತೇ ನಿಮಿಷಕ್ಕೆ ಕೈ ಎತ್ತಬಹುದು. ಮನೆಯ ಇಂಟರ್ನೆಟ್ ವಿಳಾಸ ಹೇಳದೆ ಕೇಳದೆ ಬದಲಾಗಬಹುದು. ರೂಟರಿನಲ್ಲಿ ನಾನು ತೆರೆದಿಡುವ ದಾರಿಯಿಂದ ಯಾವನೋ ಕಳ್ಳ ನುಗ್ಗಬಹುದು. ಪಾಸ್‌ವರ್ಡ್ ನನಗೇ ಮರೆಯಬಹುದು. ಇಲಿ ಕೇಬಲ್ ಕಡಿಯಬಹುದು. ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಕಿಸೆಯಲ್ಲಿಟ್ಟುಕೊಂಡೇ ನಾನು ಕಾಪುವಿನ ಬಸ್ ಹತ್ತಿದ್ದೆ. ಚಿಂತೆ ಮಾಡುವುದರಲ್ಲಿ ಮಾತ್ರ ನಾನು ಯಾವತ್ತೂ ಆಲಸ್ಯ ಮಾಡಿದವನಲ್ಲ.

ಮಾಷ್ಟ್ರ ಬಲಗೈಯ ತೋರುಬೆರಳಿನ ತುದಿ ಚಪ್ಪಟೆಯಾಗಿತ್ತು. ಮೊದಲು ಟೈಪ್‌ರೈಟರ್, ಆಮೇಲೆ ಕೀಬೋರ್ಡ್. ಎರಡನ್ನೂ ಮೊಳೆ ಹೊಡೆದ ಹಾಗೆ ಕುಟ್ಟುತ್ತಿದ್ದರು. ತೊಂಬತ್ತರ ದಶಕದ ಕೊನೆಗೆ ಪರ್ಕಳದಲ್ಲಿ ಅವರ ಕಂಪ್ಯೂಟರ್ ಕ್ಲಾಸು. ನಾನು ಇವತ್ತು ಉಣ್ಣುವ ಅನ್ನ ಅಲ್ಲಿ ಕಲಿತದ್ದರಿಂದ ಬಂದದ್ದು. ಪ್ರತಿ ಬ್ಯಾಚಿಗೂ ಮೊದಲ ಪಾಠ ಒಂದೇ: "ಮಿಂಚಿದರೆ ಮೊದಲು ಫೋನಿನ ವಯರ್ ಎಳೆಯಿರಿ. ದೇವರನ್ನು ಆಮೇಲೆ ನೆನೆದರೆ ಸಾಕು."

ಕ್ಲಾಸು ಮುಚ್ಚಿದ ಮೇಲೆ ಅಲ್ಲಿನ ಹಳೆಯ ಕಂಪ್ಯೂಟರ್ ಒಂದನ್ನು ಕಾಪುವಿನ ಮನೆಗೆ ಒಯ್ದು, ಯಾವಾಗಲೂ ಆನ್ ಇಟ್ಟು, "ನಮ್ಮ ಸರ್ವರ್" ಎಂದು ಮೆರೆಯುತ್ತಿದ್ದರು. ಮನೆಗೆ ಫೋನಿನ ವಯರಿನಲ್ಲೇ ಬ್ರಾಡ್‌ಬ್ಯಾಂಡ್ ಬಂದ ವರ್ಷವೇ ಅವರು ಮಣಿಪಾಲದಲ್ಲಿ ಆಸ್ಪತ್ರೆಯ ಹಾಸಿಗೆ ಹಿಡಿದರು. ಅವರ ಹೆಂಡತಿಗೆ, ನಾವೆಲ್ಲ ಅಕ್ಕ ಎನ್ನುತ್ತಿದ್ದವರಿಗೆ, ಕಿವಿ ಕೇಳುವುದಿಲ್ಲ. ಫೋನ್ ಮಾಡಿ ಪ್ರಯೋಜನವಿಲ್ಲ. ಮಂಡಿನೋವಿನಲ್ಲಿ ಬಸ್ ಹತ್ತುವುದೂ ಆಗದು.

"ಅವಳತ್ರ ಮಾತಾಡದೆ ಎಂಟು ದಿನ ಆಯ್ತು ಮಾರಾಯ. ಎಂತಾದರೂ ಮಾಡು," ಎಂದರು ಮಾಷ್ಟ್ರು, ನಾನು ನೋಡಲು ಹೋದಾಗ.

"ನನ್ನದು ಆಫೀಸಿನ ಲ್ಯಾಪ್‌ಟಾಪು ಮಾಷ್ಟ್ರೇ. ಹೊಸ ಸಾಫ್ಟ್‌ವೇರ್ ಏನೂ ಹಾಕಲಿಕ್ಕೆ ಬಿಡುವುದಿಲ್ಲ."

"ಬ್ರೌಸರ್ ಉಂಟಲ್ವಾ? ಅದರಲ್ಲೇ ನಮ್ಮ ಸರ್ವರಿನ ಸ್ಕ್ರೀನ್ ಕಾಣುವ ಹಾಗೆ ಮಾಡು. ನಾನು ಕಲಿಸಿದ್ದು ನಿನಗೋ, ಬೆಂಚಿಗೋ?"

ಆ ಚೀಟಿಯೊಂದಿಗೆ ಕಾಪುವಿಗೆ ಹೋಗಿ ಮಾಡಿದೆ, ಅಕ್ಕನಿಗೂ ತೋರಿಸಿಕೊಟ್ಟು ಬಂದೆ. ಮರುದಿನ ಅವರ ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಬ್ರೌಸರ್ ತೆರೆದರೆ, ಕಾಪುವಿನ ಸ್ಕ್ರೀನ್ ಮೆಲ್ಲಗೆ ಮೂಡಿತು. ನೋಟ್‌ಪ್ಯಾಡಿನಲ್ಲಿ ಮಾಷ್ಟ್ರು ಕುಟ್ಟಿದರು: "ಗಂಜಿ ಉಂಡೆಯಾ?" ತುಂಬ ಹೊತ್ತು ಏನೂ ಇಲ್ಲ. ಆಮೇಲೆ ನಾವು ಯಾರೂ ಕೀಲಿ ಮುಟ್ಟದೆ, ಅಕ್ಷರಗಳು ಒಂದೊಂದಾಗಿ ತಾವೇ ಎದ್ದು ಬಂದವು: "ಉಂಡೆ. ನೀವು?"

ವ್ಯವಸ್ಥೆ ಮಾಡಿದವನೇ ನಾನು. ಆದರೂ ಕೀಬೋರ್ಡಿನ ಮೇಲೆ ಯಾರ ಕೈಯಾದರೂ ಉಂಟೋ ಎಂದು ಬಗ್ಗಿ ನೋಡಿದೆ.

"ನೋಡು, ಒಂದೇ ಬೆರಳು," ಎಂದು ಮಾಷ್ಟ್ರು ನಕ್ಕರು. "ನನ್ನ ಶಿಷ್ಯೆ."

ಐದು ದಿನ ಹೀಗೆ ನಡೆಯಿತು. ಆರನೆಯ ಸಂಜೆ "ಯಾವಾಗ ಬ" ಎಂಬಲ್ಲಿ ಸ್ಕ್ರೀನ್ ನಿಂತಿತು. ಮಾಷ್ಟ್ರು "ನಾಳೆ ಖಂಡಿತ" ಎಂದು ಕುಟ್ಟಿದರು. ಒಂದಕ್ಷರವೂ ಮೂಡಲಿಲ್ಲ. ಮಣಿಪಾಲದಲ್ಲಿ ಒಳ್ಳೆಯ ಬಿಸಿಲಿತ್ತು. ನಾನು ಚೀಟಿ ತೆಗೆದು ಒಂದೊಂದೇ ಸಂಶಯವನ್ನು ಪರೀಕ್ಷಿಸುವಷ್ಟರಲ್ಲಿ ರೋಗಿಗಳನ್ನು ನೋಡುವ ಹೊತ್ತು ಮುಗಿಯಿತು.

"ಹೋಯ್ತಾ, ನಾನು ಬರೆದದ್ದು?"

"ಹೋಯಿತು ಮಾಷ್ಟ್ರೇ," ಎಂದೆ.

ಅವರು ಕಣ್ಣು ಮುಚ್ಚಿದರು. ಮರುದಿನ ಬೆಳಿಗ್ಗೆ ತೀರಿಕೊಂಡರು.

ವಾರ ಕಳೆದು, ಆಫೀಸಿನಲ್ಲಿ ಬೆರಳು ತನ್ನಷ್ಟಕ್ಕೆ ಆ ವಿಳಾಸ ಒತ್ತಿತು. ಸ್ಕ್ರೀನ್ ಮೂಡಿತು. ವಾಕ್ಯ ಪೂರ್ತಿಯಾಗಿತ್ತು: "ಯಾವಾಗ ಬರ್ತೀರಿ?" ಕೆಳಗೆ ಇನ್ನೊಂದು ಸಾಲು: "ಇದ್ದೀರಾ?" ಅದರ ಪಕ್ಕ ಕರ್ಸರ್ ಮಿಟುಕುತ್ತಿತ್ತು. ನಾನು ಇದ್ದೆ. ಏನೂ ಬರೆಯಲಾರದೆ ಬ್ರೌಸರ್ ಮುಚ್ಚಿದೆ. ಈಗಲೂ ಯಾವ ಸ್ಕ್ರೀನಿನಲ್ಲಿ ಕರ್ಸರ್ ಮಿಟುಕಿದರೂ ಆ ಪ್ರಶ್ನೆಯೇ ಕಾಣುತ್ತದೆ.

ಹದಿಮೂರನೆಯ ದಿನ ಕಾಪುವಿಗೆ ಹೋದಾಗ, ಅದೇ ಚೀಟಿಯ ಬೆನ್ನಿಗೆ ಬರೆದು ಅಕ್ಕನಿಗೆ ತೋರಿಸಿದೆ: "ಆ ಸಂಜೆ ಎಂತ ಆಯ್ತು?"

ಅಕ್ಕ ಓದಿ, ಕನ್ನಡಕ ತೆಗೆದರು.

"ಮಿಂಚಿತಲ್ಲ," ಎಂದರು. "ವಯರ್ ಎಳೆದೆ."