ಎರಡು ಟಿಚ್ ಬಟನ್

ನಮ್ಮ ಬೀದಿಯ ಟೈಲರಮ್ಮನಿಗೆ ಎಂಟು ತಿಂಗಳು ತುಂಬುವಷ್ಟರಲ್ಲಿ ಸೊಂಟ, ತೊಡೆಸಂದು ಎರಡೂ ಕೈಕೊಟ್ಟವು. ಮೆಷಿನ್ ತುಳಿದರೆ ಜೀವ ಹೋದ ಹಾಗೆ. ಮಲಗಿ ಮಗ್ಗುಲು ಬದಲಿಸುವುದು ಅದಕ್ಕಿಂತ ಕಷ್ಟ. "ನಮ್ಮ ಕಾಲದಲ್ಲಿ ಇಂಥದ್ದೆಲ್ಲ ಇರಲಿಲ್ಲಪ್ಪ" ಎಂದು ಅತ್ತೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಟೈಲರಮ್ಮ ಉತ್ತರ ಕೊಡುತ್ತಿರಲಿಲ್ಲ. ಅವಳ ಬಾಯಲ್ಲಿ ಹೇಗೂ ಗುಂಡುಪಿನ್ನು ಇರುತ್ತಿತ್ತು.

"ಹೆರಿಗೆಗೆ ಅಂತ ಕೀಲು ಸಡಿಲ ಆಗ್ತಿವೆ. ಮಗ್ಗುಲಾಗುವಾಗ ಎರಡು ಮಂಡಿನೂ ಜೋಡಿಸಿಕೊಂಡೇ ತಿರುಗಿ" ಎಂದರು ಆಸ್ಪತ್ರೆಯ ನರ್ಸ್.

ನಿದ್ದೆಗಣ್ಣಲ್ಲಿ ಅದೆಲ್ಲ ಯಾರಿಗೆ ನೆನಪಿರುತ್ತದೆ? ಟೈಲರಮ್ಮ ತನ್ನ ನೈಟಿಗೆ ಮಂಡಿಯ ನೇರಕ್ಕೆ ಒಂದು ಮಡಿಕೆ ಹಿಡಿದು, ಎರಡು ಟಿಚ್ ಬಟನ್ ಹೊಲಿದಳು. ಮಲಗಿ ಬಟನ್ ಒತ್ತಿಕೊಂಡರೆ ಬಟ್ಟೆ ಮಂಡಿಗಳ ಸುತ್ತ ಬಿಗಿಯಾಗುತ್ತದೆ. ಮಂಡಿ ದೂರವಾದರೆ ಟಕ್ಕೆಂದು ಬಿಚ್ಚಿಕೊಂಡು ಎಚ್ಚರಿಸುತ್ತದೆ.

"ಬಸುರಿಯರು ಬಟ್ಟೆ ಸಡಿಲ ಮಾಡ್ಕೋತಾರೆ, ಇವಳು ಬಿಗಿ ಮಾಡ್ಕೋತಾಳೆ" ಎಂದು ಅತ್ತೆ ನಕ್ಕರು. ನೋವೇನೂ ಹೋಗಲಿಲ್ಲ, ಆದರೆ ಮಧ್ಯಾಹ್ನ ಒಂದು ಗಂಟೆ ಹೊತ್ತು ಒಳ್ಳೆಯ ನಿದ್ದೆ ಬಂತು.

ವಾರ ಕಳೆದ ಮೇಲೆ ಅತ್ತೆ ತಮ್ಮ ಹಳೆಯ ನೈಟಿ ತಂದು ಮೆಷಿನ್ ಮೇಲಿಟ್ಟರು. "ಇದಕ್ಕೂ ಎರಡು ಬಟನ್ ಹಾಕು."

ಯಾಕೆಂದು ಸೊಸೆ ಕಣ್ಣಲ್ಲೇ ಕೇಳಿದಳು.

"ನಿನ್ನ ಗಂಡನ್ನ ಹೆತ್ತಾಗಿಂದ ಎಡಕ್ಕೆ ಮಗ್ಗುಲಾಗೋಕೆ ಆಗಿಲ್ಲ ಕಣೆ."

ಟೈಲರಮ್ಮ ಬಾಯಿಂದ ಪಿನ್ನುಗಳನ್ನು ತೆಗೆದಿಟ್ಟಳು. "ಕೂತ್ಕೊಳ್ಳಿ ಅತ್ತೆ" ಎಂದಳು, "ಅಳತೆ ತಗೋಬೇಕು."