ಕೊರವಂಗಲದ ಹಲ್ಲಿ ಮತ್ತು ಈಶ್ವರಯ್ಯ ಮೇಷ್ಟ್ರು

ಮಕ್ಕಳಿಗೆ ಚಿತ್ರ ಬರೆಯಲು ಕಲಿಸಿದ ಡ್ರಾಯಿಂಗ್ ಮೇಷ್ಟ್ರುಗಳು ಹಾಸನ ಜಿಲ್ಲೆಯಲ್ಲಿ ಹಲವರಿದ್ದಾರೆ. ಚಿತ್ರವನ್ನೂ ಶಿಲ್ಪವನ್ನೂ ನೋಡಿ ಪದ್ಯ ಕಟ್ಟುವುದನ್ನು ಕಲಿಸಿದವರು ಈ ವರ್ಷ ನಿವೃತ್ತರಾಗುತ್ತಿರುವ ಶ್ರೀ ಈಶ್ವರಯ್ಯನವರೊಬ್ಬರೇ. ಅವರು ದೊಡ್ಡ ಚಿತ್ರಕಾರರೆಂದರೆ ಸುಳ್ಳಾದೀತು. ಅವರು ಬೋರ್ಡಿನ ಮೇಲೆ ಬರೆಯುತ್ತಿದ್ದ ಕುದುರೆಗೂ ಕತ್ತೆಗೂ ಕಿವಿಯಲ್ಲಷ್ಟೇ ವ್ಯತ್ಯಾಸ. ಕಂಡದ್ದನ್ನೇ ಹೇಳಬೇಕೆಂದು ಕಲಿಸಿದವರ ಅಭಿನಂದನ ಗ್ರಂಥದಲ್ಲಿ ಇದನ್ನು ಮುಚ್ಚಿಡುವುದು ತರವಲ್ಲ.

ಚನ್ನರಾಯಪಟ್ಟಣದಲ್ಲಿ ಕೆಲಸಕ್ಕೆ ಸೇರಿದಾಗ ಶಾಲೆಯಲ್ಲಿ ಒಂದು ಚಿತ್ರವೂ ಇರಲಿಲ್ಲ. ಜವಳಿ ಅಂಗಡಿಯ ಹಳೆಯ ಕ್ಯಾಲೆಂಡರು ತಂದು ಗೋಡೆಗೆ ತೂಗುಹಾಕಿ, ಶನಿವಾರದ ಪದ್ಯದ ತರಗತಿಯನ್ನು ಶುರುಮಾಡಿದರು. ಅರಕಲಗೂಡಿಗೆ ವರ್ಗವಾದ ಮೇಲೆ ಅದಕ್ಕೊಂದು ಕಟ್ಟಳೆ ಬಂತು: ಮಕ್ಕಳು ಸಾಲಾಗಿ ನಿಂತು, ತಾವು ಕಂಡ, ಇನ್ನಾರೂ ಹೇಳದ ಒಂದೊಂದು ಸಂಗತಿಯನ್ನು ಹೇಳಬೇಕು, ಹೇಳಿದ್ದನ್ನೇ ಹೇಳಿದವರು ಸಾಲಿನ ಹಿಂದಕ್ಕೆ ಹೋಗಬೇಕು. ಹೀಗೆ ಒಟ್ಟಾದ ಮಾತುಗಳನ್ನು ಬೀಸುವ ಪದದ ಧಾಟಿಗೆ ಕೂರಿಸುವುದು ಆಮೇಲಿನ ಕೆಲಸ. ಹೊಳೆನರಸೀಪುರದಲ್ಲಿ ಪಾಲಾಕ್ಷನೆಂಬ ಹುಡುಗ ಉಗ್ಗುತ್ತಿದ್ದ. ಅವನ ಸರದಿ ಬಂದಾಗ ಮೇಷ್ಟ್ರು ಇಡೀ ತರಗತಿಯಿಂದ ಅವನ ಪದ್ಯದ ಸಾಲನ್ನು ನಿಧಾನವಾಗಿ ಹೇಳಿಸುತ್ತಿದ್ದರು. ಆ ಗದ್ದಲದಲ್ಲಿ ಉಗ್ಗಿದವರು ಯಾರೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಅವರು ಹಾಸನಕ್ಕೆ ಬಂದರು. ಒಂದು ಶನಿವಾರ ಮಕ್ಕಳನ್ನು ಗಾಡಿಯಲ್ಲಿ ಕೊರವಂಗಲದ ದೇವಸ್ಥಾನಕ್ಕೆ ಕರೆದೊಯ್ದರು. ಅಲ್ಲಿನ ಕಲ್ಲಿನ ನರ್ತಕಿಯೊಬ್ಬಳನ್ನು ನೋಡಿ ದೊಡ್ಡತಾಯಿ ಎಂಬ ಒಕ್ಕಲಿನವರ ಹುಡುಗಿ ಕಟ್ಟಿದ ಪದ್ಯ ಇದು:

ಕಲ್ಲಿನ ಅಕ್ಕನ ಸೊಂಟದ ಮ್ಯಾಲೆ
ಹಲ್ಲಿಯೊಂದು ಮಲಗೈತೆ;
ಕುಣಿದರೆ ಎಲ್ಲಿ ಎದ್ದೀತು ಅಂತ
ಅಕ್ಕ ಸುಮ್ನೆ ನಿಂತವ್ಳೆ.

ಮರುವಾರ ಶಾಲೆಗೆ ಬಂದ ಇನ್ಸ್‌ಪೆಕ್ಟರು ಇದನ್ನು ಕೇಳಿ ಹುಬ್ಬು ಗಂಟಿಕ್ಕಿದರು. ಪಠ್ಯದಲ್ಲಿಲ್ಲದ ಈ ತರಗತಿಯನ್ನು ನಿಲ್ಲಿಸಬೇಕೇ ಎಂದು ತೀರ್ಮಾನಿಸಲೆಂದೇ ಬಂದಿದ್ದವರು ಅವರು. ಕೊರವಂಗಲದ ದೇವಸ್ಥಾನದ ಗೋಡೆ ಅವರಿಗೆ ಚೆನ್ನಾಗಿ ಗೊತ್ತಿತ್ತು.

"ಆ ಶಿಲ್ಪದಲ್ಲಿ ಹಲ್ಲಿ ಇಲ್ಲ. ಕಂಡದ್ದನ್ನೇ ಹೇಳಬೇಕು ಅನ್ನೋದು ನಿಮ್ಮ ಕಟ್ಟಳೆಯಲ್ಲವೇನ್ರೀ? ನೀವು ಕಂಡಿರಾ ಹಲ್ಲೀನ?"

ಈಶ್ವರಯ್ಯನವರು ಹೌದೆಂದರೆ ತರಗತಿ ಉಳಿಯುತ್ತಿತ್ತು. ಆದರೆ ಮಕ್ಕಳು ಶಿಲ್ಪ ನೋಡುತ್ತಿದ್ದ ಹೊತ್ತಿನಲ್ಲಿ ಅವರು ಗಾಡಿಯ ನೆರಳಿನಲ್ಲಿ ಗೊರಕೆ ಹೊಡೆಯುತ್ತಿದ್ದರು.

"ಇಲ್ಲ ಸ್ವಾಮಿ. ಮುದ್ದೆ ಉಂಡಿದ್ದೆ, ನಿದ್ದೆ ಹತ್ತಿಬಿಟ್ಟಿತ್ತು."

"ಅಲ್ಲಿಗಾಯ್ತು. ಇದನ್ನ ನಿಲ್ಲಿಸಿ."

ಆಗ ದೊಡ್ಡತಾಯಿ ಎದ್ದು ನಿಂತಳು. "ಅದು ನಿಜವಾದ್ ಹಲ್ಲಿ ಕಣ್ ಸಾ. ಅಲ್ಲೇ ಇರಾಕೆ ಅದೇನ್ ಕಲ್ಲಾ? ಬೇಕಾದ್ರೆ ಬಂದ್ ಕಾದ್ ನೋಡಿ, ಬತ್ತದೆ."

ಮಕ್ಕಳು ಗೊಳ್ಳೆಂದು ನಕ್ಕರು. ಇನ್ಸ್‌ಪೆಕ್ಟರು ನಗಲಿಲ್ಲ, ಆದರೆ ಮುಂದಿನ ಶನಿವಾರ ಪೇಟ ಸುತ್ತಿಕೊಂಡು ಗಾಡಿ ಹತ್ತಿದರು.

ಹಲ್ಲಿ ಬರಲಿಲ್ಲ. ಬಿಸಿಲೇರಿತು. ಕಾಯುತ್ತ ಕೂತರೆ ಹೊತ್ತು ಹೋಗದೆಂದು ಈಶ್ವರಯ್ಯನವರು ಎಂದಿನಂತೆ ಸಾಲು ನಿಲ್ಲಿಸಿದರು. ತರಗತಿಯ ಕೊನೆಯ ಸಾಲು ಇದೇ ಎಂದು ಅವರ ಮನಸ್ಸು ಹೇಳುತ್ತಿತ್ತು. ಮಕ್ಕಳು ಒಬ್ಬೊಬ್ಬರಾಗಿ ಹೇಳುತ್ತಿದ್ದಂತೆ, ಗೋಡೆಯನ್ನೇ ದಿಟ್ಟಿಸುತ್ತಿದ್ದ ಇನ್ಸ್‌ಪೆಕ್ಟರು ತಡೆಯಲಾರದೆ ನಡುವೆ ಬಾಯಿ ಹಾಕಿದರು.

"ಅರೆ, ಇಲ್ಲಿ ನೋಡಿ! ಎಡಗಾಲಿನ ಗೆಜ್ಜೆ ಸವೆದಿದೆ!"

"ಅದುನ್ನ ಆಗ್ಲೇ ಪುಟ್ಟಸ್ವಾಮಿ ಏಳ್ಬುಟ್ಟ," ಎಂದಳು ದೊಡ್ಡತಾಯಿ. "ಇಂದಕ್ ಓಗಿ ಸಾ."

ಈಶ್ವರಯ್ಯನವರು ಕಣ್ಣು ಮುಚ್ಚಿಕೊಂಡರು. ತೆರೆದಾಗ, ಇನ್ಸ್‌ಪೆಕ್ಟರು ಪೇಟ ಸರಿಪಡಿಸಿಕೊಂಡು ಸಾಲಿನ ತುದಿಯಲ್ಲಿ, ಮೂಗು ಸೋರುತ್ತಿದ್ದ ಹುಡುಗನೊಬ್ಬನ ಹಿಂದೆ ನಿಂತಿದ್ದರು.

"ಏನ್ರೀ ಮೇಷ್ಟ್ರೇ ನೋಡ್ತಿದೀರಿ?" ಎಂದು ಅಲ್ಲಿಂದಲೇ ಕೂಗಿದರು. "ಮುಂದುವರಿಸಿ. ನನ್ನ ಸರದಿ ಬರಬೇಕಲ್ಲ!"

ತರಗತಿ ಮುಂದುವರಿಯಿತು, ಅಂದೂ, ಆಮೇಲಿನ ಎಲ್ಲ ಶನಿವಾರಗಳಲ್ಲೂ.

ಅಲ್ಲಿ ಬೆಳೆದ ಮಕ್ಕಳೆಲ್ಲ ಕವಿಗಳಾಗಲಿಲ್ಲ. ಹೆಚ್ಚಿನವರು ಹೊಲ, ಅಂಗಡಿ, ಕಚೇರಿಗಳಲ್ಲಿದ್ದಾರೆ; ಆದರೆ ನೋಡದೆ ಮಾತಾಡುವವರು ಅವರಲ್ಲಿ ಕಡಿಮೆ. ಈಶ್ವರಯ್ಯನವರು ಆರೋಗ್ಯದಿಂದ ನೂರು ವರ್ಷ ಬಾಳಲಿ. ಮುದ್ದೆಯ ಮೇಲಿನ ನಿದ್ದೆಗೂ ಅವರಿಗೆ ಕೊರತೆಯಾಗದಿರಲಿ. ಈಗ ಅದೇ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿರುವ ದೊಡ್ಡತಾಯಮ್ಮನವರು ಬರುವ ಶನಿವಾರ ಕೊರವಂಗಲಕ್ಕೆ ಗಾಡಿ ಹೂಡಿಸುತ್ತಿದ್ದಾರೆ. ಮೇಷ್ಟ್ರು ಖಂಡಿತ ಬರಬೇಕು. ನೌಕರಿ ಮುಗಿಯಿತು, ಇನ್ನು ಅವರೂ ಸಾಲಿನಲ್ಲೇ ನಿಲ್ಲಬೇಕು.