ಅಪ್ಪನ ಮೂಗು ಹಿಡಿದ ದಿನ

ನಾನು ಚಿಕ್ಕವಳಿದ್ದಾಗ ಒಂದು ದಿನ, ಊರಿನ ಗಂಡಸರೆಲ್ಲ ನೋಡುತ್ತಿದ್ದಂತೆ, ನಮ್ಮ ಅಪ್ಪನ ಮೂಗು ಹಿಡಿದು ಕೆನ್ನೆಗೆ ಹೊಡೆದೆ. ನಗಬೇಡಿ ಮಕ್ಕಳೇ, ನಿಜವಾಗಿಯೂ ಹೊಡೆದೆ. ಆಗ ನನಗೆ ಎಂಟು ವರ್ಷ. ಅಜ್ಜಿ ಇಂಥವಳಾ ಅಂತ ಮೂತಿ ತಿರುಗಿಸುವ ಮೊದಲು ಪೂರ್ತಿ ಕೇಳಿಸಿಕೊಳ್ಳಿ.

ನಮ್ಮದು ಹೊಳವನಹಳ್ಳಿ ಹತ್ತಿರದ ಒಂದು ಸಣ್ಣ ಹಳ್ಳಿ. ಅಪ್ಪ ಕಂಬಳಿ ನೇಯುತ್ತಿದ್ದ. ಮನೆಯ ಮುಂದಿನ ಚಪ್ಪರದಲ್ಲಿ ಮಗ್ಗದ ಗುಂಡಿ ಇತ್ತು. ಅದರೊಳಗೆ ಕಾಲು ಇಳಿಬಿಟ್ಟು ಕೂತನೆಂದರೆ ಹೊತ್ತು ನೆತ್ತಿಗೆ ಬರುವವರೆಗೂ ಏಳುತ್ತಿರಲಿಲ್ಲ. ಎಳೆಗೆ ಹುಣಸೆ ಬೀಜದ ಗಂಜಿ ಬಳಿದು ಬಿಸಿಲಿಗೆ ಹರವಿದ ದಿನ ಬೀದಿಯೆಲ್ಲ ಕಮಟು ವಾಸನೆ. ಅಪ್ಪನ ಮೈಗೂ ಯಾವಾಗಲೂ ಕುರಿಯ ಉಣ್ಣೆಯ ವಾಸನೆಯೇ. ನನಗೆ ಅದು ಹೂವಿನ ವಾಸನೆಗಿಂತ ಇಷ್ಟವಾಗಿತ್ತು.

ಅಕ್ಕನನ್ನು ಪಾವಗಡದ ಆಚೆ, ವೈ.ಎನ್.ಹೊಸಕೋಟೆ ಕಡೆಗೆ ಕೊಟ್ಟಿದ್ದರು. ಅಲ್ಲಿ ಮನೆಮಾತು ತೆಲುಗು. ಅಕ್ಕ ನಾಲ್ಕನೇ ಕ್ಲಾಸು ಓದಿದ್ದಳು, ಆಗಾಗ ಕಾಗದ ಬರೆಯುತ್ತಿದ್ದಳು. ಪೋಸ್ಟಿನವನು ಅದನ್ನು ನಮ್ಮೂರ ಅಂಗಡಿಗೆ ಕೊಟ್ಟು ಹೋಗುತ್ತಿದ್ದ. ಅಂಗಡಿಯ ತಾತ ಜಗಲಿಯ ಮೇಲೆ ಕೂತು ಕೇಳಿದವರಿಗೂ ಕೇಳದವರಿಗೂ ಕೇಳಿಸುವಂತೆ ಗಟ್ಟಿಯಾಗಿ ಓದುತ್ತಿದ್ದರು. ಕೆಟ್ಟ ಮನುಷ್ಯರಲ್ಲ, ಅವರ ಗಂಟಲೇ ಹಾಗೆ.

ಒಂದು ಸಲ ಅಕ್ಕ ತನ್ನ ಸಂಕಟ ತೋಡಿಕೊಂಡು ಬರೆದಿದ್ದಳು. 'ಇಲ್ಲಿನವರ ಮಾತು ನನಗೆ ತಿಳಿಯುವುದಿಲ್ಲ, ನಾನು ಮಾತಾಡಿದರೆ ಅತ್ತೆ ನಗುತ್ತಾರೆ, ಎಲ್ಲರ ಊಟವಾದ ಮೇಲೆ ತಳದಲ್ಲಿ ಉಳಿದದ್ದು ನನಗೆ.' ತಾತ ಅದನ್ನೂ ಗಟ್ಟಿಯಾಗಿಯೇ ಓದಿದರು. ಮಾರನೆಯ ದಿನ ಬಾವಿಕಟ್ಟೆಯಲ್ಲಿ ಹೆಂಗಸರು ಅವ್ವನನ್ನು ಕೆದಕಿ ಕೆದಕಿ ಕೇಳಿದರು. ಆ ಸುದ್ದಿ ಯಾರ ಬಾಯಿಂದಲೋ ಹೊಸಕೋಟೆಯನ್ನೂ ಮುಟ್ಟಿತು. ಆಮೇಲೆ ಅಕ್ಕನ ಕಾಗದದಲ್ಲಿ ಬರುತ್ತಿದ್ದದ್ದು 'ನಾನು ಕ್ಷೇಮ' ಅನ್ನುವುದು ಒಂದೇ.

ನಾನು ಓದುತ್ತೇನೆ ಕೊಡು ಅಂದರೆ ಅಪ್ಪ ಕೊಡಲಿಲ್ಲ. "ಮಕ್ಳ ಕಿವಿಗೆ ಬೀಳೋ ಮಾತಲ್ಲ ಅವು" ಅಂದ. ಅವ್ವನಿಗೆ ಮಾತ್ರ ಮೆಲ್ಲಗೆ ಹೇಳಿದ, "ಓದೋದ್ನ ನಾನೇ ಕಲ್ತ್ಕತೀನಿ ಕಣೆ. ಆಮ್ಯಾಕೆ ದೊಡ್ ಮಗೀಗೆ ಹೇಳಿ ಕಳಿಸ್ತೀನಿ, ಮನ್ಸಲ್ಲಿರೋದೆಲ್ಲ ಬರಿಯವ್ವ, ನಿಮ್ಮಪ್ಪ ಒಬ್ನೇ ಓದ್ತಾನೆ ಅಂತ."

ಆ ವರ್ಷ ನಮ್ಮ ಸ್ಕೂಲಿನಲ್ಲಿ ದೊಡ್ಡವರಿಗೂ ಅಕ್ಷರ ಹೇಳಿಕೊಡಲು ಶುರುಮಾಡಿದ್ದರು. ಕಣದ ಕೆಲಸ ಮುಗಿದಿತ್ತು. ಇಳಿಹೊತ್ತಿಗೆ ಹನ್ನೊಂದು ಜನ ಗಂಡಸರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಂದು, ನಾವು ಕೂರುವ ನೆಲದ ಮೇಲೆ ಸಾಲಾಗಿ ಕೂರುತ್ತಿದ್ದರು. ಮನೆಯಲ್ಲಿದ್ದದ್ದು ನನ್ನದೊಂದೇ ಸ್ಲೇಟು. ಹಾಗಾಗಿ ಅಪ್ಪನ ಜೊತೆ ನಾನೂ ಹೋಗಿ ಪಕ್ಕದಲ್ಲೇ ಕೂರುತ್ತಿದ್ದೆ. ಸಾವಿರ ಎಳೆಗಳಲ್ಲಿ ತುಂಡಾದ ಒಂದನ್ನು ಕಣ್ಣುಮುಚ್ಚಿ ಹುಡುಕುವ ಅಪ್ಪನ ಬೆರಳಿಗೆ ಬಳಪ ಮಾತ್ರ ಬಗ್ಗುತ್ತಿರಲಿಲ್ಲ, ಒತ್ತಿದರೆ ಲಟಕ್ಕನೆ ಮುರಿಯುತ್ತಿತ್ತು. ಅವನು ನಾಲಿಗೆ ಕಚ್ಚಿಕೊಂಡು ಬರೆಯುವುದನ್ನು ಕಂಡರೆ ನನಗೆ ನಗು.

ಮೇಷ್ಟ್ರು ಶಿರಾದವರು, ಒಬ್ಬ ದರ್ಜಿಯ ಮಗ. ಮೀಸೆ ಆಗಷ್ಟೇ ಚಿಗುರುತ್ತಿತ್ತು. ಹಗಲು ನಮಗೆ ಹೇಗೆ ಕಲಿಸುತ್ತಿದ್ದರೋ ಇಳಿಹೊತ್ತಿಗೆ ಅವರಿಗೂ ಹಾಗೆಯೇ ಕಲಿಸಿದರು. ಬೇರೆ ರೀತಿಯಲ್ಲಿ ಕಲಿಸಬಹುದು ಅಂತ ಪಾಪ ಅವರಿಗೂ ಯಾರೂ ಹೇಳಿರಲಿಲ್ಲ.

ನಮ್ಮ ಕ್ಲಾಸಿನಲ್ಲಿ ಒಂದು ಪದ್ಧತಿ ಇತ್ತು. ಮೇಷ್ಟ್ರು ಒಂದು ಪ್ರಶ್ನೆಯನ್ನು ಸಾಲಿನಲ್ಲಿ ಎಲ್ಲರಿಗೂ ಕೇಳಿಕೊಂಡು ಬರುವರು. ಗೊತ್ತಿಲ್ಲದವರು ಎದ್ದು ನಿಲ್ಲಬೇಕು. ಯಾರು ಸರಿಯಾದ ಉತ್ತರ ಹೇಳುತ್ತಾರೋ ಅವರು ನಿಂತವರ ಮೂಗನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಕೆನ್ನೆಗೆ ಒಂದೊಂದು ಬಿಡಬೇಕು. ಮೆಲ್ಲಗೆ ಹೊಡೆದರೆ 'ಹೀಗಲ್ಲ, ಹೀಗೆ' ಅಂತ ಹೊಡೆದವರಿಗೇ ಮೇಷ್ಟ್ರಿಂದ ಒಂದು ಬೀಳುತ್ತಿತ್ತು. ನಾನು ಓದಿನಲ್ಲಿ ಚುರುಕು, ಹಾಗಾಗಿ ಹೊಡೆಯುವುದರಲ್ಲೂ ಪಳಗಿದ್ದೆ. ಜಂಬವೇನು ಕಡಿಮೆ ಇರಲಿಲ್ಲ.

ಆ ದಿನ ಮೇಷ್ಟ್ರು ಬೋರ್ಡಿನ ಮೇಲೆ 'ಕಾಗದ' ಅಂತ ಬರೆದು ಮೊದಲು ಅಪ್ಪನನ್ನೇ ಎಬ್ಬಿಸಿದರು. ಅಪ್ಪ ಕಣ್ಣು ಕಿರಿದು ಮಾಡಿ ನೋಡಿದ, ತುಟಿ ಅಲ್ಲಾಡಿಸಿದ, ಮಾತು ಹೊರಡಲಿಲ್ಲ. ಪಕ್ಕದವರಿಗೂ ಬರಲಿಲ್ಲ, ಅವರ ಪಕ್ಕದವರಿಗೂ ಬರಲಿಲ್ಲ. ಒಬ್ಬೊಬ್ಬರಾಗಿ ಹನ್ನೊಂದೂ ಜನ ಎದ್ದು ನಿಂತರು. ಮೇಷ್ಟ್ರಿಗೆ ಬೇಸರ ಬಂದು ನನ್ನ ಕಡೆ ಬೆರಳು ತೋರಿಸಿದರು. "ಕಾಗದ" ಅಂತ ನಾನು ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಭೇಷ್. ಹಿಡಿ ಮೂಗು" ಅಂದರು ಮೇಷ್ಟ್ರು.

ಅವರೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. ದಿನಾ ಅವರು ಆಡುತ್ತಿದ್ದ ಮಾತು, ದಿನಾ ನಾನು ಮಾಡುತ್ತಿದ್ದ ಕೆಲಸ. ಸಾಲಿನಲ್ಲಿ ಮೊದಲು ನಿಂತಿದ್ದವನು ಅಪ್ಪ. ತುದಿಗಾಲಲ್ಲಿ ನಿಂತು ಕೈ ಚಾಚಿದೆ. ಅಪ್ಪ, ನನಗೆ ಎಟುಕಲೆಂದು ಸ್ವಲ್ಪ ಬಗ್ಗಿದ. ಅವನ ಮೂಗಿನ ಬೆವರು ನನ್ನ ಬೆರಳಿಗೆ ಅಂಟಿತು, ಮೀಸೆ ಚುಚ್ಚಿತು, ಉಣ್ಣೆಯ ವಾಸನೆ ಬಂತು. ಅಷ್ಟರಲ್ಲಿ ನನ್ನ ಬಲಗೈ ಪಟಾರನೆ ಬಿದ್ದಾಗಿತ್ತು.

ಆ ಸದ್ದಿಗೆ ನಾನೇ ಬೆಚ್ಚಿಬಿದ್ದೆ. ಮೇಷ್ಟ್ರ ಕೈಯಿಂದ ಸೀಮೆಸುಣ್ಣ ಜಾರಿ ಬಿದ್ದು ಚೂರಾಯಿತು. ನಾನು ಅಲ್ಲೇ ಕುಸಿದು ಕೂತೆ. ಅಪ್ಪ ಕೆನ್ನೆ ಮುಟ್ಟಿಕೊಳ್ಳಲಿಲ್ಲ, ನನ್ನ ಕಡೆ ಸಿಟ್ಟಿನಿಂದಲೂ ನೋಡಲಿಲ್ಲ. ಕಣ್ಣು ಕೆಳಗೆ ಹಾಕಿಕೊಂಡು ನಿಂತಿದ್ದ. ಸಾಲಿನ ಕೊನೆಯಲ್ಲಿದ್ದವರೊಬ್ಬರು ಟವೆಲ್ಲು ಕೊಡವಿ ಹೊರಟರು. ಅವರ ಹಿಂದೆ ಎಲ್ಲರೂ ಹೊರಟರು. ಅಪ್ಪ ಮಾತ್ರ ಸ್ಲೇಟನ್ನು ಟವೆಲ್ಲಿನ ತುದಿಯಿಂದ ಒರೆಸಿ ನನ್ನ ಕೈಗೆ ಕೊಟ್ಟ. "ಮಗೀದೇನೂ ತೆಪ್ಪಿಲ್ಲ ಮೇಷ್ಟ್ರೇ. ನಾಳೀಕೆ ಅದುನ್ನ ಬಯ್ಬ್ಯಾಡಿ" ಅಂದು ನನ್ನನ್ನು ಎತ್ತಿಕೊಂಡು ಮನೆಗೆ ಬಂದ. ಎಂಟು ವರ್ಷದ ಹುಡುಗಿಯನ್ನು ದಾರಿಯುದ್ದಕ್ಕೂ ಹೊತ್ತುಕೊಂಡೇ ಬಂದ.

ಬಿಕ್ಕುತ್ತಾ ನಾನೇ ಅವ್ವನಿಗೆ ಹೇಳಿದೆ. ಮುದ್ದೆ ತಿರುವುತ್ತಿದ್ದ ಅವ್ವನ ಕೈ ಹಾಗೇ ನಿಂತುಬಿಟ್ಟಿತು. "ಅಪ್ಪುನ್ ಮೇಲೆ ಕೈ ಎತ್ತಾಕೆ ಹೆಂಗೇ ಮನ್ಸು ಬಂತು ನಿಂಗೆ" ಅಂದಳು. ಅಪ್ಪ, "ಬುಡು, ಹೇಳ್ದಂಗೆ ಮಾಡೈತೆ" ಅಂದ, ಅಷ್ಟೇ. ಮುದ್ದೆ ತಳ ಹಿಡಿಯಿತು. ಮಾರನೆಯ ದಿನದಿಂದ ಇಳಿಹೊತ್ತಿನ ಕ್ಲಾಸಿಗೆ ಒಂದು ನರಪಿಳ್ಳೆಯೂ ಹೋಗಲಿಲ್ಲ.

ಅದೇ ವಾರ ಅಕ್ಕನ ಕಾಗದ ಬಂತು. ಕಾರ್ಡಲ್ಲ, ಅಂಟಿಸಿದ ಲಕೋಟೆ. ಅಪ್ಪ ಓದು ಕಲಿಯುತ್ತಿರುವ ಸುದ್ದಿ ಅವಳಿಗೆ ಮುಟ್ಟಿತ್ತೇನೋ. ಅಂಗಡಿಯ ತಾತ ಒಡೆಯಲು ಹೊರಟಾಗ ಅಪ್ಪ ಕೈ ಅಡ್ಡ ಹಿಡಿದು ಈಸಿಕೊಂಡ. ಮನೆಗೆ ತಂದು, ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಸೂರಿನ ಸಂದಿಗೆ ಸಿಕ್ಕಿಸಿದ. ಊಟಕ್ಕೆ ಕೂತಾಗಲೆಲ್ಲ ಅವನ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಭಾನುವಾರ ಬೆಳಿಗ್ಗೆ ಮೇಷ್ಟ್ರು ನಮ್ಮ ಮನೆಗೆ ಬಂದರು. ಅಪ್ಪ ಮಗ್ಗದಲ್ಲಿದ್ದ. ಚಾಪೆ ಹಾಕುವ ಮೊದಲೇ ಅವರು ಮಣ್ಣಿನ ಮೇಲೆ ಕೂತುಬಿಟ್ಟರು. ಆಮೇಲೆ, "ನಮ್ಮ ಅಬ್ಬಾಗೂ ಓದಕ್ಕೆ ಬರಲ್ಲ. ಅವರ ಮೂಗು ಯಾರಾದ್ರೂ ಹಿಡಿದಿದ್ರೆ ನಾನು ಸುಮ್ನೆ ಇರ್ತಿರಲಿಲ್ಲ" ಅಂದರು. ಅಪ್ಪ ಗುಂಡಿಯಿಂದ ಎದ್ದು, "ಬನ್ನಿ, ಇಲ್ಲಿ ಕೂತ್ಕಳಿ" ಅಂತ ಅವರನ್ನು ಮಗ್ಗಕ್ಕೆ ಕೂರಿಸಿ ಅಡ್ಡ ಎಳೆ ಹಾಯಿಸುವ ಲಾಳಿ ಕೈಗೆ ಕೊಟ್ಟ.

ಮೇಷ್ಟ್ರು ಲಾಳಿ ಎಸೆದರು. ಅದು ಅರ್ಧಕ್ಕೇ ಸಿಕ್ಕಿಕೊಂಡು ಎಳೆ ತುಂಡಾಯಿತು. ಇನ್ನೇನು ಅಪ್ಪ ಅವರ ಮೂಗು ಹಿಡಿಯುತ್ತಾನೆ ಅಂತ ನಾನು ಉಸಿರು ಬಿಗಿಹಿಡಿದು ನಿಂತೆ. ಅಪ್ಪ ಎಳೆ ಹೊಸೆದು ಸೇರಿಸಿದ, ಅವರ ಕೈ ಮೇಲೆ ತನ್ನ ಕೈ ಇಟ್ಟ. "ಇನ್ನೊಂದ್ ಕಿತ" ಅಂದ. ಮತ್ತೆ ತುಂಡಾಯಿತು. "ಇನ್ನೊಂದ್ ಕಿತ." ನಾಲ್ಕನೆಯ ಸಲವೋ ಐದನೆಯ ಸಲವೋ ಲಾಳಿ ಆ ಕಡೆಗೆ ಮುಟ್ಟಿತು. ಮೇಷ್ಟ್ರು ಅಳುತ್ತಿದ್ದರು, ನಗುತ್ತಲೂ ಇದ್ದರು.

ಆಮೇಲೆ ಅವರು ಕೇಳಿದರು, "ನಿಮಗೆ ಯಾವುದನ್ನ ಓದಬೇಕು ಅಂತಿದೆ?"

ಅಪ್ಪ ಸೂರಿನಿಂದ ಲಕೋಟೆ ತೆಗೆದ. "ನಾನು ಓದ್ಲಾ?" ಅಂದರು ಮೇಷ್ಟ್ರು. "ಬ್ಯಾಡಿ. ಅದು ನಂಗೆ ಬರ್ದಿರೋದು" ಅಂದ ಅಪ್ಪ.

ಅಪ್ಪ ಕರೆದ ಮೇಲೆ ಬಿಟ್ಟುಹೋದವರೂ ತಿರುಗಿ ಬಂದರು. ಅವತ್ತಿನಿಂದ ಮೇಷ್ಟ್ರು ಸಾಲು ಬಿಟ್ಟು ಎಲ್ಲರನ್ನೂ ದುಂಡಗೆ ಕೂರಿಸಿದರು, ತಾವೂ ಅವರ ಮಧ್ಯೆ ಕೂತರು. ಬೋರ್ಡಿನ ಪಾಠ ಬಿಟ್ಟು, ಯಾರಿಗೆ ಯಾವ ಮಾತು ಬೇಕೋ ಅದರಿಂದಲೇ ಶುರು. ಒಬ್ಬರಿಗೆ ಬಸ್ಸಿನ ಮೇಲಿನ 'ಮಧುಗಿರಿ', ಇನ್ನೊಬ್ಬರಿಗೆ ತೀರಿಕೊಂಡ ಮಗನ ಹೆಸರು. ಅಪ್ಪನಿಗೆ 'ಅಪ್ಪ', 'ಅತ್ತೆ', 'ಊಟ', 'ಬಾ'. ತಪ್ಪಾದರೆ ಎಲ್ಲರೂ ಒಟ್ಟಿಗೆ "ಇನ್ನೊಂದ್ ಕಿತ" ಅನ್ನುತ್ತಿದ್ದರು. ಹಗಲು ನಮ್ಮ ಕ್ಲಾಸಿನಲ್ಲೂ ಮೂಗು ಹಿಡಿಯುವುದು ನಿಂತಿತು.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಅಪ್ಪ ಮಗ್ಗದ ಗುಂಡಿಯಲ್ಲೇ ಕೂತು ಲಕೋಟೆ ಒಡೆದ. ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ, ನೆರಳು ಚಪ್ಪರ ದಾಟುವವರೆಗೂ ಓದಿದ. ಮುಗಿದ ಮೇಲೆ ಅದನ್ನು ಮಡಿಸಿ ಒಲೆಗೆ ಹಾಕಿದ. ಅವ್ವನಿಗೂ ಏನು ಅಂತ ಹೇಳಲಿಲ್ಲ. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದವನು ನಾಲ್ಕು ದಿನ ಬಿಟ್ಟು ಅಕ್ಕನನ್ನು ಕರೆದುಕೊಂಡು ಬಂದ. ಅಕ್ಕ ಗುರುತು ಸಿಗದಷ್ಟು ಇಳಿದುಹೋಗಿದ್ದಳು. ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಅಪ್ಪನನ್ನು ಬಾ ಅಂತ ಅಕ್ಕ ಕರೆದಿದ್ದ ಆ ಕಾಗದ ಏಳು ವಾರ ಸೂರಿನಲ್ಲಿತ್ತು. ಆ ಏಳು ವಾರದಲ್ಲಿ ನನ್ನ ಒಂದು ಏಟಿನ ಪಾಲು ಎಷ್ಟು ಅಂತ ಇವತ್ತಿಗೂ ನನಗೆ ಗೊತ್ತಾಗಿಲ್ಲ. ಅಕ್ಕ ಒಂದು ವರ್ಷ ನಮ್ಮಲ್ಲೇ ಇದ್ದಳು. ಆಮೇಲೆ ಭಾವ ಬೇರೆ ಮನೆ ಮಾಡಿ, ತಾವೇ ಬಂದು ಕರೆದುಕೊಂಡು ಹೋದರು.

ನಿಮ್ಮ ಕಾಲ ಬೇರೆ ಮಕ್ಕಳೇ. ನಿಮ್ಮ ಸ್ಕೂಲಿನಲ್ಲಿ ಯಾರೂ ಯಾರ ಮೂಗನ್ನೂ ಹಿಡಿಯುವುದಿಲ್ಲ, ಕಾಗದ ಏಳು ವಾರ ಕಾಯುವುದೂ ಇಲ್ಲ. ಆದರೆ ಮೊನ್ನೆ ಫೋನಿನಲ್ಲಿ ಮುಖ ನೋಡುತ್ತಾ ಮಾತಾಡುವುದನ್ನು ನನಗೆ ಹೇಳಿಕೊಡುವಾಗ ನೀವು, "ಅಯ್ಯೋ ಅಜ್ಜಿ, ಇಷ್ಟೂ ಬರಲ್ವಾ" ಅಂದಿರಿ. ನನ್ನ ಕೈ ತಾನಾಗಿಯೇ ಮೂಗಿನ ಹತ್ತಿರ ಹೋಯಿತು. ಅಜ್ಜಿ ಯಾಕೆ ಮೂಗು ಮುಚ್ಚಿಕೊಂಡಳು ಅಂತ ಬಿದ್ದು ಬಿದ್ದು ನಕ್ಕಿರಿ. ಯಾಕೆ ಅಂತ ಈಗ ಗೊತ್ತಾಯಿತಲ್ಲ.

ತನ್ನಿ ಫೋನು. ಹೊಸಕೋಟೆಯಲ್ಲಿ ಅಕ್ಕ ಕಾಯುತ್ತಾ ಕೂತಿರುತ್ತಾಳೆ. ಎಲ್ಲಿ ಒತ್ತಬೇಕು ಅಂತ ನನ್ನ ಬೆರಳು ಹಿಡಿದು ತೋರಿಸಿ, ಇನ್ನೊಂದು ಕಿತ.